ಸಂಜೆ ಏಳಕ್ಕೆ ಎಷ್ಟು? – ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರೇ,

ಹೊಸ ಸ್ಥಾವರದ ಮಾತು ಬಂದಾಗಲೆಲ್ಲ ಅಧಿಕಾರಿಗಳು ನಿಮ್ಮ ಮುಂದೆ ಒಂದು ಪಟ್ಟಿ ಇಡುತ್ತಾರೆ. ಕಲ್ಲಿದ್ದಲಿನ ಯೂನಿಟ್‌ಗೆ ಇಷ್ಟು, ಸೌರಕ್ಕೆ ಇಷ್ಟು, ಗಾಳಿಗೆ ಇಷ್ಟು, ಅಣುವಿಗೆ ಇಷ್ಟು. ಅಗ್ಗವಾದದ್ದರ ಎದುರು ಗುರುತು ಬೀಳುತ್ತದೆ, ಸಭೆ ಮುಗಿಯುತ್ತದೆ. ಆ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ ಎಂದು ಕೇಳಿಕೊಳ್ಳಲು ಈ ಪತ್ರ. ಕಾಲಂನ ಹೆಸರು: ‘ಎಷ್ಟು ಗಂಟೆಗೆ?’

ನಾನು ಲೋಡ್ ಡಿಸ್‌ಪ್ಯಾಚ್ ಕೇಂದ್ರದಲ್ಲಿ, ಅಂದರೆ ಯಾವ ಸ್ಥಾವರ ಯಾವಾಗ ಎಷ್ಟು ವಿದ್ಯುತ್ ಕೊಡಬೇಕೆಂದು ಹೇಳುವ ಕೋಣೆಯಲ್ಲಿ, ಪಾಳಿ ಮಾಡಿ ನಿವೃತ್ತನಾದವನು. ನಮ್ಮ ಎದುರಿನ ಗೋಡೆಯ ಮೇಲೆ, ಗ್ರಿಡ್‌ನ ಆವರ್ತನವನ್ನು (ಫ್ರೀಕ್ವೆನ್ಸಿ) ಹರ್ಟ್ಸ್‌ನಲ್ಲಿ ತೋರಿಸುವ ಕೆಂಪು ಅಂಕಿಗಳ ಮೀಟರೊಂದಿತ್ತು. ಅದು 50.00 ತೋರಿಸಿದರೆ ಉತ್ಪಾದನೆಯೂ ಬಳಕೆಯೂ ಸರಿದೂಗಿವೆ ಎಂದು ಲೆಕ್ಕ. ದೀಪ ಹತ್ತುವ ಹೊತ್ತಿಗೆ 49.95, 49.90, 49.84 ಎಂದು ಇಳಿಯತೊಡಗಿದರೆ ಕೋಣೆಯಲ್ಲಿ ಮಾತು ನಿಲ್ಲುತ್ತಿತ್ತು. ಮೊದಲ ಫೋನು ಜಲವಿದ್ಯುತ್ ಕೇಂದ್ರಕ್ಕೆ: ‘ಇನ್ನೊಂದು ಮೆಷಿನ್ ತಗೊಳ್ಳಿ.’ ಕೆಲವೇ ನಿಮಿಷಗಳಲ್ಲಿ ಅಂಕಿ ಮೇಲೇಳುತ್ತಿತ್ತು. ಅದೇ ಫೋನು ನಿಂತುಹೋಗಿದ್ದ ಕಲ್ಲಿದ್ದಲು ಘಟಕಕ್ಕೆ ಮಾಡಿದ್ದರೆ, ತಣ್ಣಗಾದ ಬಾಯ್ಲರನ್ನು ಎಣ್ಣೆ ಉರಿಸಿ ಬಿಸಿ ಮಾಡಿ, ಉಗಿ ಹದಕ್ಕೆ ಬಂದು, ಟರ್ಬೈನು ತಿರುಗಿ ಗ್ರಿಡ್‌ಗೆ ಸೇರುವಷ್ಟರಲ್ಲಿ ನನ್ನ ಪಾಳಿ ಮುಗಿದು ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತಿದ್ದೆ. ಸೌರಕ್ಕಾದರೆ ಫೋನ್ ಮಾಡುವುದು ಯಾರಿಗೆ?

ಹಾಗಂತ ನಾನು ಸೌರದ ವಿರೋಧಿಯೇನಲ್ಲ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿದ ಸಿಲಿಕಾನ್ ಕೋಶ, ಮೇಲೆ ಬಿದ್ದ ಬೆಳಕಿನಲ್ಲಿ ಶೇ. 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವ ಫಲಕ ಶೇ. 20 ದಾಟಿದೆ, 2010ರಿಂದ ಹತ್ತೇ ವರ್ಷಗಳಲ್ಲಿ ಬೆಲೆ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಮಧ್ಯಾಹ್ನ ಒಂದು ಗಂಟೆಗೆ ಅದರ ಜೊತೆ ಪೈಪೋಟಿಗಿಳಿಯುವ ಧೈರ್ಯ ಬೇರೆ ಯಾವುದಕ್ಕೂ ಕಷ್ಟ. ತಾಪತ್ರಯ ಶುರುವಾಗುವುದು ಆಮೇಲೆ. ಕ್ಯಾಲಿಫೋರ್ನಿಯಾದ ಗ್ರಿಡ್ ನಿರ್ವಾಹಕರು 2013ರಲ್ಲೇ ಒಂದು ಗೆರೆ ಎಳೆದು ತೋರಿಸಿದ್ದರು. ಸೌರ ಹೆಚ್ಚಿದಂತೆ ಹಗಲಿನಲ್ಲಿ ಉಳಿದ ಸ್ಥಾವರಗಳ ಮೇಲಿನ ಹೊರೆ ಹೊಟ್ಟೆಯಂತೆ ಕೆಳಗೆ ಜೋತುಬೀಳುತ್ತದೆ, ಸೂರ್ಯ ಇಳಿಯುತ್ತಿದ್ದಂತೆ ಕತ್ತಿನಂತೆ ನೆಟ್ಟಗೆ ಮೇಲೇರುತ್ತದೆ. ಬಾತುಕೋಳಿಯ ಹಾಗೆ ಕಾಣುವುದರಿಂದ ಅದಕ್ಕೆ ‘ಡಕ್ ಕರ್ವ್’ ಎಂದೇ ಹೆಸರು. ಪಾಳಿಯವರ ಪ್ರಾಣ ಹಿಂಡುವುದು ಆ ಕತ್ತೇ.

ಗಾಳಿ ರಾತ್ರಿಯೂ ಬೀಸುತ್ತದೆ, ಅದು ಅದರ ದೊಡ್ಡ ಗುಣ. ಆದರೆ ವೇಗ ಅರ್ಧಕ್ಕಿಳಿದರೆ ಅದರಲ್ಲಿರುವ ಶಕ್ತಿ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಮುನ್ಸೂಚನೆ ಸ್ವಲ್ಪ ತಪ್ಪಿದರೂ ನಮ್ಮ ಲೆಕ್ಕ ಬಹಳ ತಪ್ಪುತ್ತದೆ.

ಕಲ್ಲಿದ್ದಲನ್ನು ಬೈಯುವುದು ಸುಲಭ. ಅದನ್ನು ಅಂಗಳದಲ್ಲಿ ರಾಶಿ ಹಾಕಿಟ್ಟುಕೊಳ್ಳಬಹುದು, ಬೇಕೆಂದ ದಿನ ಉರಿಸಬಹುದು. ಈ ಸವಲತ್ತಿಗಾಗಿಯೇ ಜಗತ್ತು ಅದನ್ನು ಇಷ್ಟು ದಿನ ಹೊತ್ತುಕೊಂಡು ಬಂದಿದೆ. ಅದರ ಲೆಕ್ಕ ಬೇರೆಡೆ ಬರೆಯಲ್ಪಡುತ್ತದೆ. ತರಬೇತಿಗೆಂದು ಹೋದಾಗ ಒಂದು ಸ್ಥಾವರದ ಬೂದಿ ಹೊಂಡದ ಪಕ್ಕದ ಊರು ನೋಡಿದ್ದೆ. ಹೊಂಡದ ಅಂಚು ಒಣಗಿ, ಗಾಳಿ ಎದ್ದ ಮಧ್ಯಾಹ್ನ. ಒಣಹಾಕಿದ ಬಟ್ಟೆ, ಎಲೆ, ಬಾವಿಕಟ್ಟೆ ಎಲ್ಲವೂ ಒಂದೇ ಬೂದು ಬಣ್ಣ. ಹೆಂಗಸೊಬ್ಬರು ಒಗೆದ ಸೀರೆಯನ್ನು ಕೊಡವಿ, ಮತ್ತೆ ನೀರಿಗೆ ಹಾಕುತ್ತಿದ್ದರು. ಆ ಎರಡನೇ ಒಗೆತ ಯಾವ ಯೂನಿಟ್ ದರದಲ್ಲೂ ಸೇರಿಲ್ಲ. ಇನ್ನು ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊಗೆಯ ಲೆಕ್ಕ: ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ 2014ರ ವರದಿಯಂತೆ, ಗಣಿಯಿಂದ ಹಿಡಿದು ಎಲ್ಲ ಹಂತಗಳನ್ನೂ ಸೇರಿಸಿದರೆ ಯೂನಿಟ್‌ಗೆ ಕಲ್ಲಿದ್ದಲು ಸುಮಾರು 820 ಗ್ರಾಂ, ನೈಸರ್ಗಿಕ ಅನಿಲ 490, ದೊಡ್ಡ ಸೌರ ಸ್ಥಾವರ 48, ಅಣು 12, ನೆಲದ ಮೇಲಿನ ಗಾಳಿಯಂತ್ರ 11.

ಅಣುವಿನ ಅಂಕಿ ನೋಡಿ ಆಸೆಯಾಗುವುದು ಸಹಜ. ಹಗಲು ರಾತ್ರಿ ಒಂದೇ ಸಮ ಓಡುತ್ತದೆ. ಆದರೆ ಫಿನ್‌ಲ್ಯಾಂಡಿನ ಓಲ್ಕಿಲುವೊಟೊ-3 ಅಣು ಘಟಕ ಕಟ್ಟಲು ಶುರುವಾದದ್ದು 2005ರಲ್ಲಿ, ಮುಗಿಯಬೇಕಿದ್ದದ್ದು 2009ಕ್ಕೆ, ಪೂರ್ಣ ಪ್ರಮಾಣದಲ್ಲಿ ದುಡಿಯತೊಡಗಿದ್ದು 2023ರಲ್ಲಿ. ನೀವು ಇಂದು ಅಡಿಗಲ್ಲು ಹಾಕಿದರೆ ಉದ್ಘಾಟನೆಗೆ ಬರುವ ಸಚಿವರು ಬೇರೆಯವರೇ ಆಗಿರಬಹುದು. ಅಪಘಾತದ ಭಯದ ಬಗ್ಗೆಯೂ ಒಂದು ಮಾತು. ಚೆರ್ನೋಬಿಲ್, ಫುಕುಶಿಮಾ ಎಲ್ಲರ ಬಾಯಲ್ಲಿವೆ. 1975ರಲ್ಲಿ ಚೀನಾದ ಬಾಂಚಿಯಾವ್ ಅಣೆಕಟ್ಟು ಒಡೆದು ಹತ್ತಾರು ಸಾವಿರ ಜನ ಸತ್ತದ್ದು ಎಷ್ಟು ಜನರಿಗೆ ಗೊತ್ತು? ನಾನು ಹೊಗಳಿದ ನೀರಿಗೂ ಮುಳುಗಿಸಿದ ಊರುಗಳ ಋಣವಿದೆ. ಮಳೆ ಕೈಕೊಟ್ಟರಂತೂ ಮುಗಿಯಿತು: 2024ರಲ್ಲಿ ಆಫ್ರಿಕಾದ ಕರಿಬಾ ಜಲಾಶಯ ಬತ್ತಿದಾಗ, ಅದನ್ನೇ ನೆಚ್ಚಿದ್ದ ಜಾಂಬಿಯಾ ದಿನದ ಬಹುಪಾಲು ಕತ್ತಲಲ್ಲಿ ಕಳೆಯಿತು.

ಹಾಗಾದರೆ ಸಂಜೆಯ ಕತ್ತು ಹತ್ತುವುದು ಹೇಗೆ? ವೇಲ್ಸ್‌ನ ಬೆಟ್ಟವೊಂದರ ಹೊಟ್ಟೆಯೊಳಗೆ ಡಿನಾರ್ವಿಗ್ ಎಂಬ ಕೇಂದ್ರವಿದೆ, 1984ರದ್ದು. ವಿದ್ಯುತ್ ಹೆಚ್ಚಿದ್ದಾಗ ನೀರನ್ನು ಮೇಲಿನ ಕೆರೆಗೆ ಪಂಪ್ ಮಾಡುತ್ತದೆ, ಬೇಕಾದಾಗ ಬಿಡುತ್ತದೆ. ಯಂತ್ರ ಖಾಲಿ ತಿರುಗುತ್ತಿದ್ದರೆ ಸುಮಾರು 16 ಸೆಕೆಂಡುಗಳಲ್ಲಿ ಸಾವಿರಾರು ಕಿಲೋವ್ಯಾಟಲ್ಲ, ಸಾವಿರಕ್ಕೂ ಹೆಚ್ಚು ಮೆಗಾವ್ಯಾಟ್! ಇದನ್ನು ಓದಿದ ದಿನ ನನಗೆ ಹೊಟ್ಟೆಕಿಚ್ಚಾಯಿತು. ನೂರು ಯೂನಿಟ್ ಹಾಕಿದರೆ ವಾಪಸ್ ಬರುವುದು ಎಪ್ಪತ್ತೈದರ ಆಸುಪಾಸು, ಇದು ಪೋಲು ಎನ್ನುವವರಿದ್ದಾರೆ. ಮಧ್ಯಾಹ್ನ ಕೊಳ್ಳುವವರಿಲ್ಲದೆ ಸೌರ ಸ್ಥಾವರವನ್ನು ಕಡಿತ ಮಾಡಿಸಿದರೆ ನೂರಕ್ಕೆ ನೂರೂ ಪೋಲು. ಬ್ಯಾಟರಿಗಳೂ ಈ ಕೆಲಸಕ್ಕೆ ಬಂದಿವೆ. ಎರಡರಿಂದ ನಾಲ್ಕು ಗಂಟೆಯ ಆಸರೆ ಸಾಕೆಂದಾದರೆ ಕಟ್ಟಲು ಅವೇ ಬೇಗ.

ನನ್ನ ಕೋರಿಕೆ ಇಷ್ಟೇ. ಟೆಂಡರ್ ಕರೆಯುವಾಗ ‘ಇಷ್ಟು ಮೆಗಾವ್ಯಾಟ್’ ಎಂದು ಕೇಳಬೇಡಿ, ‘ಸಂಜೆ ಆರರಿಂದ ಹತ್ತರವರೆಗೆ ಇಷ್ಟು ಯೂನಿಟ್’ ಎಂದು ಕೇಳಿ. ಸೌರದವರು ಶೇಖರಣೆಯ ಜೊತೆಗೂಡಿ ಬರಲಿ, ಗಾಳಿಯವರು ನೀರಿನ ಜೊತೆಗೂಡಿ ಬರಲಿ, ಅದು ಅವರ ಲೆಕ್ಕಾಚಾರ. ಹಳೆಯ ಕಲ್ಲಿದ್ದಲು ಘಟಕ ಮುಚ್ಚುವ ದಿನಾಂಕವನ್ನೂ ಈ ಸಂಜೆಯ ಯೂನಿಟ್‌ಗಳು ಕೈಗೆ ಬಂದ ಮೇಲೆ ಘೋಷಿಸಿ. ಮುಂದಿನ ಸ್ಥಾವರದ ಉದ್ಘಾಟನೆಯ ಕಲ್ಲಿನಲ್ಲಿ ನಿಮ್ಮ ಹೆಸರಿನ ಕೆಳಗೆ, ಸ್ಥಾಪಿತ ಸಾಮರ್ಥ್ಯದ ಪಕ್ಕದಲ್ಲಿ, ಸಂಜೆ ಏಳಕ್ಕೆ ಅದು ಎಷ್ಟು ಕೊಡುತ್ತದೆ ಎಂದೂ ಕೆತ್ತಿಸಿ. ಸೊನ್ನೆಯಾದರೆ ಸೊನ್ನೆ ಎಂದೇ ಇರಲಿ.

ಇತಿ,
ನಿವೃತ್ತ ಪಾಳಿ ಇಂಜಿನಿಯರ್