ಹೆಬ್ಬಾತುಗಳ ಪಂಚಾಂಗ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳ ಕುರಿತು ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಉತ್ತರಿಸಲು ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಶಿರಹಟ್ಟಿ ಸೀಮೆಯ ಹೊಲಗಳಲ್ಲಿ ಮೇವು ಇನ್ನೂ ಸಿಗುತ್ತಿರುವಾಗ, ಕೆರೆಯಲ್ಲಿ ನೀರು ಇರುವಾಗಲೇ, ಫೆಬ್ರುವರಿ ಕೊನೆಯಿಂದ ಅವು ಗುಂಪುಗುಂಪಾಗಿ ಎದ್ದು ಹೋಗುವುದೇಕೆ ಎಂಬುದು ನಿನ್ನ ಸಂದೇಹ. ಅವು ಮರಿ ಮಾಡಲು ಹೋಗುವ ಮಂಗೋಲಿಯಾದ ಸರೋವರಗಳು ಆಗಲೂ ಹೆಪ್ಪುಗಟ್ಟಿಯೇ ಇರುತ್ತವೆ. ಆ ಹಿಮ ಕರಗುವ ಕಾಲ ಸಮೀಪಿಸಿತೆಂದು ನಾಲ್ಕು ಸಾವಿರ ಕಿಲೋಮೀಟರಿಗೂ ದೂರದ ಗದಗ ಜಿಲ್ಲೆಯಲ್ಲಿರುವ ಹಕ್ಕಿಗೆ ಯಾರು ಹೇಳುತ್ತಾರೆ ಎಂದೂ ನೀನು ಕೇಳಿದ್ದೀಯ.

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಮೊದಲು ಅವನ್ನು ಬಿಡಿಸಬೇಕು. ಹಕ್ಕಿ ಒಂದು ನಿರ್ದಿಷ್ಟ ಕಾಲದಲ್ಲಿ ಮರಿ ಮಾಡುವುದರಿಂದ ಅದಕ್ಕೆ ಆಗುವ ಲಾಭವೇನು ಎಂಬುದು ಒಂದು. ಆ ಕಾಲ ಬಂದಿತೆಂದು ಅದರ ದೇಹಕ್ಕೆ ತಿಳಿಸುವ ಸೂಚನೆ ಯಾವುದು ಎಂಬುದು ಇನ್ನೊಂದು. ಆಕ್ಸ್‌ಫರ್ಡ್‌ನ ಜೀವವಿಜ್ಞಾನಿ ಜಾನ್ ಬೇಕರ್ 1938ರಲ್ಲಿ ಈ ಎರಡನ್ನೂ ಬೇರ್ಪಡಿಸಿ ತೋರಿಸಿದರು. ಲಾಭ ಮತ್ತು ಸೂಚನೆ ಒಂದೇ ಆಗಿರಬೇಕಾಗಿಲ್ಲ, ಒಂದೇ ಊರಿನಲ್ಲಿಯೂ ಇರಬೇಕಾಗಿಲ್ಲ. ಹೆಬ್ಬಾತಿನ ಮಟ್ಟಿಗೆ ಲಾಭ ಮಂಗೋಲಿಯಾದಲ್ಲಿದೆ, ಸೂಚನೆ ಮಾಗಡಿಯ ಆಕಾಶದಲ್ಲಿದೆ.

ಲಾಭದ ಲೆಕ್ಕ ಮೊದಲು ನೋಡೋಣ. ಹೆಬ್ಬಾತಿನ ಮರಿಗಳು ಗುಬ್ಬಿಯ ಮರಿಗಳಂತೆ ಗೂಡಿನಲ್ಲಿ ಬಾಯ್ತೆರೆದು ಕೂರುವುದಿಲ್ಲ. ಮೊಟ್ಟೆಯೊಡೆದ ಕೆಲವೇ ಹೊತ್ತಿನಲ್ಲಿ ತಾಯಿಯ ಹಿಂದೆ ನಡೆದು, ತಾವೇ ಹುಲ್ಲು ಕಿತ್ತು ತಿನ್ನುತ್ತವೆ. ಎಳೆಯ ಹುಲ್ಲಿನಲ್ಲಿ ಪ್ರೋಟೀನ್ ಹೆಚ್ಚು, ಬಲಿತ ಹುಲ್ಲಿನಲ್ಲಿ ಕಡಿಮೆ. ಆದ್ದರಿಂದ ಹಿಮ ಕರಗಿ ಹುಲ್ಲು ಚಿಗುರುವ ಹೊತ್ತಿಗೆ ಮರಿಗಳು ನೆಲದ ಮೇಲಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಾ. ಕಾವು ಕೂರಲು ಸುಮಾರು ಒಂದು ತಿಂಗಳು ಬೇಕು. ನಾಲ್ಕರಿಂದ ಆರು ಮೊಟ್ಟೆಗಳನ್ನು ಇಡುವುದಕ್ಕೆ, ಅದಕ್ಕೂ ಮೊದಲು ದ್ವೀಪದಲ್ಲಿಯೋ ಜೌಗಿನಲ್ಲಿಯೋ ಜಾಗ ಹಿಡಿಯುವುದಕ್ಕೆ, ದಾರಿಯಲ್ಲಿ ಅಲ್ಲಲ್ಲಿ ಇಳಿದು ಮೇಯುವುದಕ್ಕೆ ಮತ್ತೆ ಕೆಲವು ವಾರಗಳು ಬೇಕು. ಇತ್ತ ಮುಂದಕ್ಕೂ ಅವಸರವಿದೆ: ಮರಿಗಳಿಗೆ ಹಾರಲು ಬರುವುದು ಎರಡು ತಿಂಗಳ ಹೊತ್ತಿಗೆ, ಆ ನಡುವೆ ದೊಡ್ಡ ಹಕ್ಕಿಗಳು ರೆಕ್ಕೆಯ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸಿಕೊಂಡು ಸುಮಾರು ಒಂದು ತಿಂಗಳು ಹಾರಲಾಗದೆ ಇರುತ್ತವೆ, ಹೊಸ ಗರಿ ಬಲಿತು, ಮೈಗೆ ಕೊಬ್ಬು ಏರಿ, ನೀರು ಮತ್ತೆ ಹೆಪ್ಪುಗಟ್ಟುವುದರೊಳಗೆ ಅಲ್ಲಿಂದ ಹೊರಟುಬಿಡಬೇಕು. ಆ ಗಿಡ್ಡ ಬೇಸಿಗೆಯಲ್ಲಿ ಹತ್ತು ದಿನ ತಡವಾದರೂ ನಷ್ಟ ಮರಿಗಳಿಗೇ. ಹೀಗಾಗಿ ನಮ್ಮ ಕಡೆಯ ಹೊಲದಲ್ಲಿ ಎಷ್ಟೇ ಮೇವಿದ್ದರೂ ಹೊರಡುವ ದಿನವನ್ನು ಇಲ್ಲಿನ ಮೇವು ನಿರ್ಧರಿಸಲಾರದು.

ಇನ್ನು ಸೂಚನೆಯ ವಿಷಯ. ಚಳಿ, ಗಾಳಿ, ಮಳೆ ಇವೆಲ್ಲ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಬದಲಾಗದೆ ಇರುವುದು ಹಗಲಿನ ಉದ್ದವೊಂದೇ. ಕೆನಡಾದ ಎಡ್ಮಂಟನ್‌ನಲ್ಲಿ ವಿಲಿಯಂ ರೋವನ್ ಎಂಬ ಪ್ರಾಧ್ಯಾಪಕರು 1920ರ ದಶಕದಲ್ಲಿ ಜುಂಕೊ ಎಂಬ ಸಣ್ಣ ವಲಸೆ ಹಕ್ಕಿಗಳನ್ನು ಬಯಲಿನ ಪಂಜರಗಳಲ್ಲಿಟ್ಟು, ಕೊರೆಯುವ ಚಳಿಗಾಲದ ಸಂಜೆಗಳಲ್ಲಿ ವಿದ್ಯುತ್ ದೀಪ ಹಚ್ಚಿ, ದಿನದಿನಕ್ಕೂ ಬೆಳಕಿನ ಅವಧಿಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿದರು. ಹೊರಗೆ ಹಿಮ ಬೀಳುತ್ತಿದ್ದರೂ ಆ ಹಕ್ಕಿಗಳ ವೃಷಣಗಳು ವಸಂತದಲ್ಲಿ ಬೆಳೆಯುವಂತೆ ಬೆಳೆದುಬಿಟ್ಟವು. ಚಳಿ ಅವನ್ನು ತಡೆಯಲಿಲ್ಲ. ಇಷ್ಟು ಸರಳವಾದ, ಇಷ್ಟು ಕಡಿಮೆ ಖರ್ಚಿನ ಪ್ರಯೋಗ ಇಷ್ಟು ದೊಡ್ಡ ವಿಷಯವನ್ನು ತೋರಿಸಿಕೊಟ್ಟ ನಿದರ್ಶನಗಳು ಜೀವವಿಜ್ಞಾನದಲ್ಲಿ ಹೆಚ್ಚಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ನಮ್ಮ ಸೀಮೆಯಲ್ಲಿ ಹಗಲು ಹಿಗ್ಗುವುದೇ ಅಷ್ಟಕ್ಕಷ್ಟೆ ಎಂದು ನೀನು ಆಕ್ಷೇಪಿಸಬಹುದು, ಅದು ನ್ಯಾಯವೇ. ಮಂಗೋಲಿಯಾದಲ್ಲಿ ಡಿಸೆಂಬರ್ ಹಗಲಿಗೂ ಜೂನ್ ಹಗಲಿಗೂ ಏಳು ಗಂಟೆಗೂ ಮಿಕ್ಕಿದ ವ್ಯತ್ಯಾಸವಿದ್ದರೆ ಗದಗಿನಲ್ಲಿ ಎರಡು ಗಂಟೆಯ ವ್ಯತ್ಯಾಸವೂ ಇಲ್ಲ. ಡಿಸೆಂಬರ್ ಕೊನೆಯಿಂದ ಮಾರ್ಚ್ ಆರಂಭದವರೆಗೆ ಹಗಲು ಬೆಳೆಯುವುದು ಅರ್ಧ ಗಂಟೆಯ ಆಸುಪಾಸಿನಷ್ಟು. ಅಷ್ಟನ್ನೇ ನಂಬಿ ಹೊರಡುವುದು ಸಾಧ್ಯವೇ? ಇಲ್ಲಿಯೇ ದೇಹದೊಳಗಿನ ಪಂಚಾಂಗ ಕೆಲಸಕ್ಕೆ ಬರುತ್ತದೆ. ಜರ್ಮನಿಯ ಎಬರ್‌ಹಾರ್ಡ್ ಗ್ವಿನ್ನರ್ ಅವರು 1960ರ ದಶಕದಲ್ಲಿ ವಿಲೋ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿಗಳನ್ನು ತಿಂಗಳುಗಟ್ಟಲೆ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ, ಏರಿಳಿತವಿಲ್ಲದ ಉಷ್ಣತೆ ಇರುವ ಕೋಣೆಯಲ್ಲಿ ಸಾಕಿದರು. ಹೊರಗಿನ ಋತುವಿನ ಸುಳಿವೇ ಇಲ್ಲದಿದ್ದರೂ ಅವು ಕಾಲಕಾಲಕ್ಕೆ ಗರಿ ಉದುರಿಸಿದವು; ವಲಸೆಯ ಕಾಲ ಬಂದಾಗ ರಾತ್ರಿಯೆಲ್ಲ ರೆಕ್ಕೆ ಬಡಿಯುತ್ತ ಚಡಪಡಿಸಿದವು. ಇಂಥ ಕೋಣೆಗಳಲ್ಲಿ ಸಾಕಿದ ಹಕ್ಕಿಗಳ ಚಕ್ರ ಕರಾರುವಾಕ್ಕಾಗಿ ಹನ್ನೆರಡು ತಿಂಗಳದ್ದಾಗಿರುವುದಿಲ್ಲ. ಸಾಮಾನ್ಯವಾಗಿ ಅದಕ್ಕಿಂತ ಗಿಡ್ಡದಾಗಿದ್ದು ವರ್ಷದಿಂದ ವರ್ಷಕ್ಕೆ ಜಾರುತ್ತ ಹೋಗುತ್ತದೆ. ಎಂದರೆ ಪಂಚಾಂಗ ಹುಟ್ಟಿನಿಂದಲೇ ಒಳಗಿದೆ, ಅದನ್ನು ಪ್ರತಿವರ್ಷ ತಿದ್ದಿ ಸರಿಪಡಿಸುವುದು ಸೂರ್ಯ. ಹಗಲಿನ ಸಣ್ಣ ಹೆಚ್ಚಳವೂ ಆ ತಿದ್ದುಪಡಿಗೆ ನೆರವಾಗುತ್ತದೆ. ಈ ಪ್ರಯೋಗಗಳು ಹೆಬ್ಬಾತಿನ ಮೇಲೆ ನಡೆದವಲ್ಲ ಎಂಬುದನ್ನು ನೆನಪಿಡು. ಬೇರೆ ಬೇರೆ ಜಾತಿಯ ಹಕ್ಕಿಗಳಲ್ಲಿ ಕಂಡ ತತ್ವವನ್ನು ನಾನು ಇಲ್ಲಿಗೆ ಅನ್ವಯಿಸುತ್ತಿದ್ದೇನೆ.

ಹಗಲನ್ನು ಹಕ್ಕಿ ಅಳೆಯುವ ಬಗೆ ಇನ್ನೂ ವಿಚಿತ್ರವಾದದ್ದು. ಅದಕ್ಕೆ ಕಣ್ಣೇ ಬೇಕಾಗಿಲ್ಲ. ಫ್ರಾನ್ಸಿನ ಜಾಕ್ ಬೆನ್ವಾ ಅವರು 1930ರ ದಶಕದಲ್ಲಿ ಕಣ್ಣಿಲ್ಲದ ಬಾತುಗಳೂ ಬೆಳಕಿಗೆ ಸ್ಪಂದಿಸುವುದನ್ನು ಕಂಡರು. ಮುಂದೆ ಅಮೆರಿಕದ ಮೈಕೆಲ್ ಮೆನೇಕರ್ ಮತ್ತು ಅವರ ಸಂಗಡಿಗರು ಗುಬ್ಬಚ್ಚಿಗಳ ನೆತ್ತಿಯ ಚರ್ಮದ ಕೆಳಗೆ ಕಪ್ಪು ಶಾಯಿ ತುಂಬಿ, ತಲೆಬುರುಡೆಯ ಮೂಲಕ ಒಳಗಿಳಿಯುವ ಬೆಳಕನ್ನು ತಡೆದಾಗ ಅವುಗಳ ಜನನಾಂಗಗಳ ಸ್ಪಂದನ ಕುಗ್ಗಿದ್ದನ್ನು ತೋರಿಸಿದರು. ಮಿದುಳಿನ ಆಳದಲ್ಲಿಯೇ ಬೆಳಕನ್ನು ಗ್ರಹಿಸುವ ಕೋಶಗಳಿವೆ. ಉದ್ದನೆಯ ಹಗಲು ಬಂದಾಗ ಅಲ್ಲಿ ಥೈರಾಯ್ಡ್ ಹಾರ್ಮೋನು ಚುರುಕು ರೂಪಕ್ಕೆ ಬದಲಾಗುತ್ತದೆ ಎಂಬುದನ್ನು ಜಪಾನಿನ ನಗೋಯಾದಲ್ಲಿ ತಕಾಶಿ ಯೋಶಿಮುರಾ ಅವರ ತಂಡ ಕ್ವೇಲ್ ಹಕ್ಕಿಗಳಲ್ಲಿ ಪತ್ತೆಹಚ್ಚಿತು. ಅದರ ಪರಿಣಾಮವಾಗಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಚ್ಚರಗೊಂಡು, ಚಳಿಗಾಲವಿಡೀ ಕಾಳಿನಷ್ಟಾಗಿ ಕುಗ್ಗಿದ್ದ ವೃಷಣಗಳು ಕೆಲವು ಜಾತಿಗಳಲ್ಲಿ ನೂರಾರು ಪಟ್ಟು ತೂಕ ಪಡೆಯುತ್ತವೆ. ಹಾರುವ ದೇಹ ಬೇಡದ ಭಾರವನ್ನು ವರ್ಷವಿಡೀ ಹೊತ್ತು ತಿರುಗುವುದಿಲ್ಲ.

ಈಗ ನಿನಗೆ ಇನ್ನೊಂದು ಸಂಶಯ ಹುಟ್ಟಬೇಕು, ಹುಟ್ಟದಿದ್ದರೆ ನಾನೇ ಎತ್ತುತ್ತೇನೆ. ಮಾರ್ಚ್‌ನಲ್ಲಿ ಹಗಲು ಹನ್ನೆರಡು ಗಂಟೆ, ಸೆಪ್ಟೆಂಬರ್‌ನಲ್ಲಿಯೂ ಹನ್ನೆರಡು ಗಂಟೆ. ಹಾಗಿದ್ದರೆ ಸೆಪ್ಟೆಂಬರ್‌ನಲ್ಲಿ ಹಕ್ಕಿ ಮತ್ತೆ ಮೊಟ್ಟೆಯಿಡಲು ಏಕೆ ಹೊರಡುವುದಿಲ್ಲ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ ಹಕ್ಕಿಗಳಲ್ಲಿ ಒಂದು ನಮ್ಮ ಜೋಳದ ಹೊಲಗಳಿಗೇ ಚಳಿಗಾಲದಲ್ಲಿ ಬಂದಿಳಿಯುತ್ತದೆ. ಕಪ್ಪು ತಲೆಯ, ಹಳದಿ ಎದೆಯ ಆ ಬಂಟಿಂಗ್ ಹಕ್ಕಿ ಮರಿ ಮಾಡುವುದು ಪಶ್ಚಿಮ ಏಷ್ಯಾ ಮತ್ತು ಆಗ್ನೇಯ ಯೂರೋಪಿನಲ್ಲಿ. ಉತ್ತರ ಭಾರತದ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ ಇದನ್ನು ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಉದ್ದನೆಯ ಹಗಲಿನಲ್ಲಿಟ್ಟರೆ ಅದು ಹೊಟ್ಟೆಬಾಕನಾಗಿ ತಿಂದು, ಮೈತೂಕವನ್ನು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಸಿಕೊಳ್ಳುತ್ತದೆ. ರಾತ್ರಿ ನಿದ್ದೆ ಬಿಟ್ಟು ಚಡಪಡಿಸುತ್ತದೆ. ಅದರ ಜನನಾಂಗಗಳು ಬೆಳೆಯುತ್ತವೆ. ಆದರೆ ಅದೇ ಉದ್ದನೆಯ ಹಗಲನ್ನು ಮುಂದುವರಿಸಿದರೆ ಕೆಲವು ವಾರಗಳ ಬಳಿಕ ಎಲ್ಲವೂ ತಾನಾಗಿ ಇಳಿದುಹೋಗುತ್ತದೆ. ಆಮೇಲೆ ಎಷ್ಟು ಬೆಳಕು ಕೊಟ್ಟರೂ ದೇಹ ಕಿವುಡಾಗಿರುತ್ತದೆ. ಆ ಕಿವುಡು ಬಿಡಬೇಕಾದರೆ ಗಿಡ್ಡ ಹಗಲುಗಳನ್ನು ಕೆಲವು ವಾರ ಅನುಭವಿಸಬೇಕು. ಚಳಿಗಾಲವೆಂದರೆ ಹಕ್ಕಿಗೆ ಬರೀ ಹೊಟ್ಟೆ ಹೊರೆಯುವ ಕಾಲವಲ್ಲ, ಮುಂದಿನ ವಸಂತವನ್ನು ಕೇಳಿಸಿಕೊಳ್ಳುವ ಶಕ್ತಿ ಮರಳುವ ಕಾಲವೂ ಹೌದು.

ಹೆಬ್ಬಾತುಗಳು ಹೊರಟುಹೋದ ಮೇಲೂ ನಮ್ಮ ನಾಡಿನಲ್ಲಿ ಉಳಿಯುವ ಹಕ್ಕಿಗಳ ಕಥೆ ಬೇರೆ. ಅವುಗಳಲ್ಲಿ ಅನೇಕಕ್ಕೆ ಸೂರ್ಯನಿಗಿಂತ ಮಳೆಯ ಮಾತು ಮುಖ್ಯ. ಬಣ್ಣದ ಕೊಕ್ಕರೆಯನ್ನೇ ನೋಡು: ರಾಜಸ್ಥಾನದ ಭರತಪುರದಲ್ಲಿ ಅದು ಮುಂಗಾರಿನ ನೀರು ತುಂಬಿದ ಆಗಸ್ಟ್ ಹೊತ್ತಿಗೆ ಗೂಡು ಕಟ್ಟಲು ಆರಂಭಿಸಿದರೆ, ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹಿಂಗಾರು ಕಳೆದ ಮೇಲೆ ಹುಣಸೆ ಮರಗಳಿಗೆ ಬರುತ್ತದೆ. ಜಾತಿ ಒಂದೇ, ಪಂಚಾಂಗ ಎರಡು. ನೀರು ಇಳಿಯುತ್ತ ಬಂದಂತೆ ಮೀನುಗಳು ಒತ್ತಟ್ಟಿಗೆ ಸೇರುತ್ತವೆ; ಗೂಡಿನಲ್ಲಿ ಹಸಿದ ಮರಿಗಳಿರುವಾಗ ಅಂಥ ಕೆರೆಯೇ ಬೇಕು. ಹೆಜ್ಜಾರ್ಲೆಗಳೂ ಅಲ್ಲಿ ಅದೇ ಮರಗಳನ್ನು ಹಂಚಿಕೊಳ್ಳುತ್ತವೆ. ಗೀಜಗ ಗೂಡು ನೇಯುವುದು ಹಸಿರು ಹುಲ್ಲು ಉದ್ದ ಬೆಳೆದ ಮಳೆಗಾಲದಲ್ಲಿ: ಗಂಡು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಉಳಿದದ್ದನ್ನು ಪೂರ್ತಿ ಮಾಡಿ, ಅದು ಕಾವು ಕೂತ ಮೇಲೆ ಇನ್ನೊಂದು ಗೂಡಿಗೆ ಕೈ ಹಚ್ಚುತ್ತದೆ. ಒಪ್ಪಿಗೆಯಾಗದ ಗೂಡುಗಳು ಹಾಗೆಯೇ ನೇತಾಡುತ್ತಿರುತ್ತವೆ. ಇನ್ನು ಯುಗಾದಿಯ ಹೊತ್ತಿಗೆ ಕೋಗಿಲೆ ಎಲ್ಲಿಂದಲೋ ಬರುತ್ತದೆ ಎಂದು ನಿಮ್ಮ ಅವ್ವ ಇಂದಿಗೂ ನಂಬಿದ್ದಾಳೆ. ಅದು ಎಲ್ಲಿಗೂ ಹೋಗಿರುವುದಿಲ್ಲ, ಚಳಿಗಾಲದಲ್ಲಿ ಬಾಯಿ ಮುಚ್ಚಿಕೊಂಡು ಇದೇ ಮರಗಳಲ್ಲಿ ಹಣ್ಣು ತಿನ್ನುತ್ತಿರುತ್ತದೆ. ಕಾಗೆಗಳು ಗೂಡು ಕಟ್ಟುವ ಕಾಲ ಸಮೀಪಿಸಿದಾಗ ಗಂಡು ಕೂಗಲು ತೊಡಗುತ್ತದೆ.

ಪರರ ಗೂಡಿನಲ್ಲಿ ಮೊಟ್ಟೆಯಿಡುವ ದೂರನ್ನು ಕೋಗಿಲೆಯೊಂದರ ಮೇಲೆ ಹೊರಿಸುವುದೂ ಸರಿಯಲ್ಲ. ಪಟ್ಟೆತಲೆ ಹೆಬ್ಬಾತುಗಳು ಒತ್ತೊತ್ತಾಗಿ ಗೂಡು ಮಾಡುವ ಕಡೆ ಜಾಗ ಸಿಗದ ಹೆಣ್ಣುಗಳು ತಮ್ಮದೇ ಜಾತಿಯ ನೆರೆಯವಳ ಗೂಡಿನಲ್ಲಿ ಮೊಟ್ಟೆಯಿಟ್ಟು ಬರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ದಾಂಪತ್ಯದಲ್ಲಿ ಮಾತ್ರ ಅವು ನಿಷ್ಠಾವಂತ ಹಕ್ಕಿಗಳು. ಗಂಡು ಹೆಣ್ಣು ವರ್ಷಗಟ್ಟಲೆ ಜೊತೆಗಿರುತ್ತವೆ, ಮರಿಗಳು ಮೊದಲ ಚಳಿಗಾಲವನ್ನು ತಂದೆತಾಯಿಯ ಸಂಗಡವೇ ಕಳೆಯುತ್ತವೆ. ಹೊರಡುವ ತವಕ ಹುಟ್ಟಿನಿಂದ ಬಂದದ್ದಾದರೂ ದಾರಿ ಮತ್ತು ತಂಗುವ ಕೆರೆಗಳ ಪರಿಚಯ ಹಿರಿಯರಿಂದ ಬರುತ್ತದೆ.

ಹಿಮಾಲಯ ದಾಟುವ ಸಾಹಸದ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಓದಿದ್ದೀಯ, ಹೆಚ್ಚು ಬರೆಯುವುದಿಲ್ಲ. ಎವರೆಸ್ಟ್ ಶಿಖರದ ಮೇಲಿಂದ ಹಾರುತ್ತವೆ ಎಂಬ ಮಾತು ಉತ್ಪ್ರೇಕ್ಷೆ. ಉಪಗ್ರಹ ಸಾಧನ ಕಟ್ಟಿ ನೋಡಿದಾಗ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್. ಸಾಮಾನ್ಯವಾಗಿ ಅವು ಇನ್ನೂ ಕೆಳಗೆ, ಕಣಿವೆಗಳನ್ನು ಅನುಸರಿಸಿ ಹಾರುತ್ತವೆ. ವಿಜ್ಞಾನಿ ಚಾರ್ಲ್ಸ್ ಬಿಷಪ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದಂತೆ, ಏರಿದ ಎತ್ತರವನ್ನು ಕಾಯ್ದುಕೊಳ್ಳದೆ ನೆಲದ ಏರಿಳಿತದ ಜೊತೆಗೇ ಏರಿ ಇಳಿಯುವುದೇ ಅವಕ್ಕೆ ಅಗ್ಗ, ಏಕೆಂದರೆ ತೆಳುವಾದ ಗಾಳಿಯಲ್ಲಿ ರೆಕ್ಕೆ ಬಡಿಯುವ ದುಡಿಮೆ ವಿಪರೀತ ಹೆಚ್ಚುತ್ತದೆ. ಇದು ಶಿಖರ ಹಾರುವ ಕಥೆಗಿಂತ ನನಗೆ ಹೆಚ್ಚು ಮೆಚ್ಚುಗೆಯಾದದ್ದು.

ನನಗೆ ಚಿಂತೆಯಿರುವುದು ಬೇರೆ ಕಡೆ. ಸೂಚನೆ ಒಂದು ಊರಿನಲ್ಲಿ, ಲಾಭ ಇನ್ನೊಂದು ಊರಿನಲ್ಲಿ ಇರುವ ಈ ವ್ಯವಸ್ಥೆ ನಡೆಯುವುದು ಅವೆರಡರ ನಡುವಿನ ಹೊಂದಾಣಿಕೆ ಕೆಡದಿದ್ದಾಗ. ಭೂಮಿ ಬಿಸಿಯಾಗುತ್ತಿರುವುದರಿಂದ ಹುಲ್ಲು ಬೇಗ ಚಿಗುರುತ್ತದೆ, ಆದರೆ ಸೂರ್ಯ ತನ್ನ ವೇಳಾಪಟ್ಟಿ ಬದಲಿಸುವುದಿಲ್ಲ. ಯೂರೋಪಿನಿಂದ ರಷ್ಯಾದ ಆರ್ಕ್ಟಿಕ್ ತೀರಕ್ಕೆ ಹೋಗುವ ಬಾರ್ನಕಲ್ ಹೆಬ್ಬಾತುಗಳನ್ನು ಅಭ್ಯಾಸ ಮಾಡಿದ ಡಚ್ ವಿಜ್ಞಾನಿಗಳು 2018ರಲ್ಲಿ ವಿವರಿಸಿದ ಸಂಗತಿ ಗಮನಿಸಬೇಕಾದದ್ದು: ಹಿಮ ಬೇಗ ಕರಗಿದ ವರ್ಷಗಳಲ್ಲಿ ಆ ಹಕ್ಕಿಗಳು ದಾರಿಯ ತಂಗುದಾಣಗಳನ್ನು ಬಿಟ್ಟು ಧಾವಿಸಿ ಬೇಗ ತಲುಪುತ್ತವೆ, ಆದರೆ ಹಾದಿಯಲ್ಲಿ ಮೇಯದೆ ಬಂದದ್ದರಿಂದ ಮೊಟ್ಟೆಯಿಡುವ ಮೊದಲು ಅಲ್ಲಿಯೇ ಮೇದು ಸುಧಾರಿಸಿಕೊಳ್ಳಬೇಕಾಗುತ್ತದೆ. ಅಷ್ಟರಲ್ಲಿ ಹುಲ್ಲು ಬಲಿತು, ಬದುಕುಳಿಯುವ ಮರಿಗಳ ಸಂಖ್ಯೆ ಇಳಿಯುತ್ತದೆ. ಆಫ್ರಿಕಾದಿಂದ ನೆದರ್ಲೆಂಡ್ಸ್‌ಗೆ ಬರುವ ಪೈಡ್ ಫ್ಲೈಕ್ಯಾಚರ್ ಹಕ್ಕಿಗೆ ಅಷ್ಟು ಬದಲಾವಣೆಯೂ ಸಾಧ್ಯವಾಗಲಿಲ್ಲ. ಮರಿಗಳಿಗೆ ಉಣಿಸಬೇಕಾದ ಮರಗಳ ಹುಳುಗಳು ತೀರ ಬೇಗ ಮುಗಿದುಹೋಗುವ ಕಾಡುಗಳಲ್ಲಿ ಎರಡು ದಶಕಗಳಲ್ಲಿ ಅದರ ಸಂಖ್ಯೆ ಸುಮಾರು ಶೇ. 90ರಷ್ಟು ಕುಸಿದದ್ದನ್ನು 2006ರಲ್ಲಿ ವರದಿ ಮಾಡಿದ್ದಾರೆ.

ಕೃತಕ ಬೆಳಕಿನ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ಜರ್ಮನಿಯಲ್ಲಿ ಬ್ಲ್ಯಾಕ್‌ಬರ್ಡ್‌ಗಳನ್ನು ರಾತ್ರಿಯ ವೇಳೆ ಬೀದಿದೀಪಕ್ಕಿಂತಲೂ ಮಂಕಾದ ಬೆಳಕಿನಲ್ಲಿಟ್ಟಾಗ ಅವುಗಳ ಜನನಾಂಗಗಳು ಕತ್ತಲೆಯಲ್ಲಿ ಮಲಗಿದವುಗಳಿಗಿಂತ ಸುಮಾರು ಒಂದು ತಿಂಗಳು ಮೊದಲೇ ಬೆಳೆದವು. 2024ರ ಜನವರಿಯಲ್ಲಿ ಮಾಗಡಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಐವತ್ತು ಹೆಕ್ಟೇರಿಗೆ ತುಸು ಮಿಕ್ಕಿದ ಈ ಪುಟ್ಟ ಕೆರೆಯ ಏರಿಯ ಮೇಲೆ, ಪ್ರವಾಸಿಗರ ಹೆಸರಿನಲ್ಲಿ, ಯಾರಾದರೂ ಎತ್ತರದ ದೀಪದ ಕಂಬಗಳನ್ನು ನಿಲ್ಲಿಸಲು ಹೊರಟರೆ ನಾನು ವಿರೋಧಿಸುವವನೇ.

ಈ ವರ್ಷದ ಹಕ್ಕಿಗಳು ಬಹುತೇಕ ಹೊರಟಾಗಿದೆ. ಮುಂದಿನ ಸಲ ದೀಪಾವಳಿ ಕಳೆದ ಮೇಲೆ, ಅವು ಹೊಸದಾಗಿ ಬಂದಿಳಿದ ದಿನಗಳಲ್ಲಿ ರಜೆ ಹಾಕಿ ಬಾ, ದುರ್ಬೀನು ನನ್ನಲ್ಲಿದೆ. ಹಗಲಲ್ಲಿ ಅವು ನೀರಿನಲ್ಲಿ ವಿಶ್ರಮಿಸುವಾಗ ಸಿಗುವ ಸಮಯ ಸಾಕು. ದೊಡ್ಡ ಹಕ್ಕಿಯ ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳು ಎದ್ದು ಕಾಣುತ್ತವೆ, ಆ ಬೇಸಿಗೆಯಲ್ಲಿ ಹುಟ್ಟಿದ ಮರಿಗಳಿಗೆ ಆ ಪಟ್ಟೆಗಳು ಇನ್ನೂ ಮೂಡಿರುವುದಿಲ್ಲ. ಜೋಡಿಯ ಪಕ್ಕದಲ್ಲಿ ಅಂಥ ಪಟ್ಟೆಯಿಲ್ಲದ ತಲೆಗಳು ಎಷ್ಟಿವೆ ಎಂದು ಗುಂಪುಗುಂಪಾಗಿ ಎಣಿಸುತ್ತ ಹೋದರೆ, ಮಂಗೋಲಿಯಾದ ಕಳೆದ ಬೇಸಿಗೆ ಮರಿಗಳಿಗೆ ಹೇಗೆ ಕಳೆಯಿತೆಂಬುದರ ಅಂದಾಜು ಕೆರೆಯ ಏರಿಯ ಮೇಲೆ ಕುಳಿತೇ ಸಿಗುತ್ತದೆ. ಕೊರಳಿಗೆ ಬಣ್ಣದ ಪಟ್ಟಿ ಹಾಕಿದ ಹಕ್ಕಿ ಕಂಡರೆ ಅದರ ಮೇಲಿನ ಅಕ್ಷರವನ್ನೂ ಅಂಕಿಯನ್ನೂ ಬರೆದುಕೊಳ್ಳಬೇಕು. ಮಂಗೋಲಿಯಾದಲ್ಲಿ ಹಾಗೆ ಗುರುತು ಹಾಕಿಸಿಕೊಂಡ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ.

ನಿನ್ನ ಅಪ್ಪ