ಅವ್ವನ ಮೊದಲ ಎಡೆ

ಮೊನ್ನೆ ಮಹಾಲಯ ಅಮಾವಾಸ್ಯೆಗೆ ಅವ್ವನಿಗೆ ಮೊದಲ ಎಡೆ ಇಟ್ಟೆವು. ಹೋದ ಸಲದ ಪಕ್ಷಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಅವ್ವ ಹೋದ ದಿನದಿಂದ ಬಾಕಿ ಉಳಿದಿರುವ ಮಾತುಗಳನ್ನು ಈಗ ಹೇಳಿಬಿಡುತ್ತೇನೆ.

ಕಣ್ಣು ದಾನ ಮಾಡಬೇಕು ಅನ್ನೋದು ಅವ್ವನದೇ ಹಟ. 2006ರಲ್ಲಿ ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದಾಗ ಹಿಡಿದದ್ದು. 2021ರಲ್ಲಿ ಅಪ್ಪು ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಅಂತ ಟೀವಿಯಲ್ಲಿ ನೋಡಿದ ಮೇಲಂತೂ ಮೂರು ಹೊತ್ತೂ ಅದೇ ಮಾತು. ಆದರೆ ಆ ಬೆಳಗಿನ ಜಾವ ನನಗೆ ಏನೂ ತೋಚಲಿಲ್ಲ. ಉಸಿರು ನಿಂತ ಆರು ತಾಸಿನೊಳಗೆ ಆಗಬೇಕು ಅಂತ ನೆನಪಿಸಿ ಫೋನ್ ಮಾಡಿದವರು ಪಕ್ಕದ ಮನೆ ಅಣ್ಣ. ಅವ್ವನ ತಲೆಯಡಿಗೆ ಇನ್ನೊಂದು ದಿಂಬು ಕೊಟ್ಟರು, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟರು, ಫ್ಯಾನ್ ಆರಿಸಿದರು. ಸೆಕೆ ಅಂತ ಬಂದವರೆಲ್ಲ ಮತ್ತೆ ಫ್ಯಾನ್ ಹಾಕಲು ಹೋದರೆ, ಪಾಪ, ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತೇಬಿಟ್ಟರು. ಅಣ್ಣಾ, ಆ ನಿಂತದ್ದನ್ನು ನಾನು ಮರೆಯಲ್ಲ.

ನೇತ್ರ ಭಂಡಾರದಿಂದ ಬಂದ ಇಬ್ಬರು ಹುಡುಗರಿಗೂ ಕೈಮುಗಿಯುತ್ತೇನೆ. ಎಂಬತ್ಮೂರು ವರ್ಷ, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇದು ಯಾರಿಗೆ ಉಪಯೋಗ ಅಂದೆ. "ಆಪರೇಷನ್‌ನಲ್ಲಿ ಬದಲಾಯಿಸೋದು ಒಳಗಿನ ಮಸೂರ ಅಮ್ಮ, ನಮಗೆ ಬೇಕಾಗಿರೋದು ಮುಂದಿನ ತೆಳು ಪದರ" ಅಂದ ಒಬ್ಬ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಅವ್ವನ ಮುಖ ಇದ್ದ ಹಾಗೇ ಇತ್ತು. ಮುಂದಿನ ಜನ್ಮಕ್ಕೆ ಕುರುಡಿಯಾಗ್ತಾಳೆ ಅಂತ ಗೊಣಗುತ್ತಿದ್ದ ಸೋದರತ್ತೆ ಹತ್ತಿರ ಹೋಗಿ ನೋಡಿ ಸುಮ್ಮನಾದರು.

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವಾಗ, ಮಂಡಿ ನೋವಿನ ನನ್ನನ್ನು ರಟ್ಟೆ ಹಿಡಿದು ಮೆಟ್ಟಿಲಿಳಿಸಿದ ಹುಡುಗನ ಹೆಸರು ಕೇಳಲಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ.

ಇನ್ನು ಎಡೆ. ಚಿಕ್ಕವ್ವ ರಾತ್ರಿಯೇ ಬಂದು ಕಜ್ಜಾಯ ಸುಟ್ಟರು. ಅತ್ತಿಗೆ ಕೋಳಿ ಸಾರು, ಮುದ್ದೆ, ವಡೆ ಮಾಡಿದರು. ಹೊಸ ಸೀರೆ ಇಟ್ಟು ಎಲೆ ಹಾಕಿದ ಮೇಲೆ, ನಾನು ಅವ್ವನ ಕಡ್ಡಿಪುಡಿ ಪೊಟ್ಟಣ ತಂದೆ. ಡಾಕ್ಟರು ಬೇಡ ಅಂದರು ಅಂತ ಕೊನೇ ಎರಡು ವರ್ಷ ಬಚ್ಚಿಟ್ಟು ಬಚ್ಚಿಟ್ಟು ಕಾಡಿದವಳು ನಾನೇ. ಯಾರ ಮುಖವನ್ನೂ ನೋಡದೆ ಎಲೆ ಅಡಿಕೆ ಪಕ್ಕ ಇಟ್ಟೆ. ಚಿಕ್ಕವ್ವ ಏನೂ ಅನ್ನದೆ ಅದನ್ನು ಬಿಚ್ಚಿ, ಚಿಟಿಕೆ ತೆಗೆದು ಎಲೆಯ ಮೇಲೆ ಹಾಕಿದರು. ಚಿಕ್ಕವ್ವಾ, ಅದಕ್ಕೆ ನಿಮಗೆ ಏನು ಹೇಳಲಿ?

ಸಾಂಬ್ರಾಣಿ ಹಾಕಿ, ಹೋದವರು ಬಂದು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗುಲಿಯಲ್ಲಿ ಕೂತೆವು. ಇಷ್ಟು ವರ್ಷ ಕೆಮ್ಮಿ ಬಾಗಿಲು ತೆಗೆಯುತ್ತಿದ್ದವಳು ಅವ್ವ. ಈ ಸಲ ಎಲ್ಲರೂ ನನ್ನ ಕಡೆ ನೋಡಿದರು. ಮನೆಗೆ ಹಿರಿಯಳು ನಾನೇ ಅಂತ ಗೊತ್ತಾದದ್ದು ಆಗಲೇ. ಕೆಮ್ಮಲು ಹೋದರೆ ಗಂಟಲೇ ಕಟ್ಟಿತ್ತು. ಮೊಮ್ಮಗಳು ನನ್ನ ಪರವಾಗಿ ಜೋರಾಗಿ ಕೆಮ್ಮಿದಳು.

ಅಂದಹಾಗೆ, ಕಣ್ಣು ದಾನದ ನನ್ನ ಹಾಳೆಯೂ ಅವ್ವನ ಟ್ರಂಕಿನಲ್ಲೇ ಇದೆ. ಸೊಸೆಗೆ ತೋರಿಸಿದ್ದೇನೆ.