ಇಪ್ಪತ್ತು ನಿಮಿಷದ ಫೋನು

ಪ್ರೀತಿಯ ಗೆಳೆಯಾ,

ಬಾಗಿಲು ಮುಚ್ಚಿದ ಮೇಲೂ ಕಲಿಕಾ ಕೇಂದ್ರ ಹೇಗೆ ನಡೆಸಿದಿರಿ ಅಂತ ಕೇಳಿದ್ದೆಯಲ್ಲ. ನಿಜ ಹೇಳಬೇಕೆಂದರೆ, 2020ರಲ್ಲಿ ಕೊರೊನಾದಿಂದ ಬಾಗಿಲು ಮುಚ್ಚಿದ ಆ ಮೊದಲ ತಿಂಗಳು ನಡೆಸಲಾಗಲೇ ಇಲ್ಲ. ಎಲ್ಲರಂತೆ ನಾವೂ ಜೂಮ್‌ನಲ್ಲಿ ತರಗತಿ ಶುರು ಮಾಡಿದೆವು. 40 ಮಕ್ಕಳಲ್ಲಿ ಬಂದವರು 9.

ಉಳಿದವರಿಗೆ ಆಸಕ್ತಿ ಇಲ್ಲ ಅಂತ ಸಭೆಯಲ್ಲಿ ಯಾರೋ ಅಂದಾಗ ನನಗೆ ತಡೆಯಲಾಗಲಿಲ್ಲ. ಒಂದೊಂದೇ ಮನೆಗೆ ಫೋನ್ ಮಾಡಿ ವಿಚಾರಿಸಿದೆವು. ಮನೆಗಿರುವುದೇ ಒಂದು ಫೋನು. ಅದು ಬೆಳಿಗ್ಗೆ ಅಪ್ಪನ ಜೇಬಲ್ಲಿ ಕೆಲಸಕ್ಕೆ ಹೋದರೆ ಬರುವುದು ರಾತ್ರಿಗೇ. ಕೆಲವರದು ಬರೀ ಬಟನ್ ಫೋನು. ಆ ಆಗಸ್ಟಿನಲ್ಲಿ ಯುನಿಸೆಫ್ ಒಂದು ಲೆಕ್ಕ ಕೊಟ್ಟಿತು: ಶಾಲೆ ಮುಚ್ಚಿದಾಗ ಜಗತ್ತಿನಲ್ಲಿ ಕನಿಷ್ಠ 46.3 ಕೋಟಿ ಮಕ್ಕಳಿಗೆ ದೂರಕಲಿಕೆ ಎಟುಕಿರಲಿಲ್ಲ. ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ 31 ಮುಖಗಳು.

ವೀಡಿಯೊ ಕೈಬಿಟ್ಟೆವು. ವಾರಕ್ಕೊಮ್ಮೆ ಎಸ್‌ಎಂಎಸ್‌ನಲ್ಲಿ ನಾಲ್ಕು ಲೆಕ್ಕ, ಆಮೇಲೆ ಪ್ರತಿ ಮಗುವಿಗೂ 20 ನಿಮಿಷದ ಕರೆ. ಆಫ್ರಿಕಾದ ಬೋಟ್ಸ್ವಾನಾದಲ್ಲೂ ಅದೇ ವರ್ಷ ಒಂದು ಸ್ವಯಂಸೇವಾ ಸಂಸ್ಥೆ ಹೀಗೇ ಮಾಡಿ, ಎಸ್‌ಎಂಎಸ್ ಜೊತೆ ಕರೆಯೂ ಹೋದ ಮಕ್ಕಳ ಕಲಿಕೆ ಸುಧಾರಿಸಿದ್ದನ್ನು ಅಳೆದು ತೋರಿಸಿತು. ಅದು ತಿಳಿದ ಮೇಲೆ ನಮಗೂ ಧೈರ್ಯ ಬಂತು.

ಒಂದು ಕರೆಯ ವಿಷಯ ಹೇಳಲೇಬೇಕು. 52ರಲ್ಲಿ 17 ಕಳೆ ಅಂದೆ. ಹುಡುಗ 45 ಅಂದ. ಎದುರಿಗಿದ್ದಿದ್ದರೆ ತಪ್ಪು ಹಾಕಿ ಮುಂದಿನ ಪುಸ್ತಕ ಎತ್ತಿಕೊಳ್ಳುತ್ತಿದ್ದೆ. ಫೋನಿನಲ್ಲಿ ಪುಸ್ತಕ ಕಾಣುವುದಿಲ್ಲವಲ್ಲ, ಹೇಗೆ ಮಾಡಿದೆ ಹೇಳು ಅಂತ ಕೇಳಿದೆ.

"ಎರಡರಲ್ಲಿ ಏಳು ಹೋಗಲ್ಲ ಸಾರ್. ಅದಕ್ಕೆ ಏಳರಲ್ಲೇ ಎರಡು ಕಳೆದೆ."

ಎರಡು ವರ್ಷ ನನ್ನೆದುರಿಗೇ ಕೂತಿದ್ದ ಹುಡುಗ. ಅವನು ಎಲ್ಲಿ ಎಡವುತ್ತಾನೆ ಅಂತ ನನಗೆ ತಿಳಿದದ್ದು ಅವತ್ತು. ಕಡ್ಡಿ ಹುಡುಕಿಸಿ, ಹತ್ತತ್ತರ ಕಟ್ಟು ಕಟ್ಟಿಸಿ, ಈಗ ಒಂದು ಕಟ್ಟು ಬಿಚ್ಚು ಅಂದೆ. ಆ ಕಡೆಯಿಂದ ಕಡ್ಡಿ ಎಣಿಸುವ ಸದ್ದು. ಹಿಂದಿನಿಂದ ಅವನಮ್ಮನೂ ಮೆಲ್ಲಗೆ ಎಣಿಸುತ್ತಿದ್ದರು. "ಮೂವತ್ತೈದು!" ಅಂತ ಇಬ್ಬರೂ ಒಟ್ಟಿಗೇ ಕೂಗಿದರು.

ಇನ್ನೂ ಓದಲು ಬಾರದ ಪುಟ್ಟವರಿಗೆ ಮಾತ್ರ ಇದು ಸಾಲಲಿಲ್ಲ. ಅಕ್ಷರವನ್ನು ಬರೀ ಕಿವಿಗೆ ಕಲಿಸುವುದು ಹೇಗೆ? ಅಭ್ಯಾಸದ ಹಾಳೆ ಮುದ್ರಿಸಿ ಮನೆಗಳಿಗೆ ತಲುಪಿಸಿದೆವು. ಆದರೂ ಮೂವರು ಕೈತಪ್ಪಿ ಹೋದರು. ಅವರು ಆಮೇಲೆ ಬರಲೇ ಇಲ್ಲ, ಆ ನೋವು ಹಾಗೇ ಉಳಿದಿದೆ.

ಕೇಂದ್ರದ ಬಾಗಿಲು ತೆರೆದ ಮೇಲೂ ಕರೆ ನಿಲ್ಲಿಸಿಲ್ಲ. ರಾತ್ರಿ ಎಂಟರ ಮೇಲೆ, ಫೋನು ಮನೆಗೆ ಬಂದ ಹೊತ್ತಿಗೆ ಮಾಡುತ್ತೇವೆ. ನಿನಗೆ ಬಿಡುವಿದ್ದರೆ ನಾಲ್ಕು ಮಕ್ಕಳ ಹೆಸರು ಕಳಿಸುತ್ತೇನೆ. ಮಾತಾಡಿಸುತ್ತೀಯಾ?

ನಿನ್ನ ಗೆಳೆಯ